ಸೀಟು ಎಲ್ಲಿರಬೇಕು ಅಂತ ಮೊದಲು ನೋಡಿ, ಫ್ರೇಮ್ ಆಮೇಲೆ

ಸೈಕಲ್ ಅಂಗಡಿಗೆ ಹೋದರೆ ಮೊದಲು ಬರುವ ಪ್ರಶ್ನೆ ಒಂದೇ. "ಹೈಟ್ ಎಷ್ಟಿದ್ದೀರಿ ಸಾರ್?" ಐದೂವರೆ ಅಡಿ ಅಂದರೆ ಮೀಡಿಯಂ ತಂದು ನಿಲ್ಲಿಸುತ್ತಾರೆ. ಹತ್ತಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಸುತ್ತು ಹೊಡೆದರೆ ಎಲ್ಲ ಸರಿಯಾಗೇ ಇರುತ್ತದೆ. ಕಾಲು ಎಟಕುತ್ತದೆ, ಹ್ಯಾಂಡಲ್ ಕೈಗೆ ಸಿಗುತ್ತದೆ. ತೊಂದರೆ ಗೊತ್ತಾಗುವುದು ತೀರ್ಥಹಳ್ಳಿ ರಸ್ತೆಯಲ್ಲಿ ಒಂದೆರಡು ಗಂಟೆ ತುಳಿದ ಮೇಲೆ. ಅಂಗೈ ಜೋಮು ಹಿಡಿಯುತ್ತದೆ, ಮಂಡಿಚಿಪ್ಪಿನ ಹತ್ತಿರ ಸಣ್ಣಗೆ ನೋವು ಶುರುವಾಗುತ್ತದೆ, ಸೀಟಿನ ಮೇಲೆ ಹಿಂದೆ ಮುಂದೆ ಸರಿಯುತ್ತಲೇ ಇರುತ್ತೀರಿ. ಸೀಟನ್ನು ಸ್ವಲ್ಪ ಹಿಂದಕ್ಕೆ ತಳ್ಳೋಣ ಅಂತ ಬಗ್ಗಿ ನೋಡಿದರೆ ಅದು ಆಗಲೇ ತನ್ನ ಅಡಿಯ ಕಂಬಿಯ ತುದಿಗೆ ಬಂದು ನಿಂತಿದೆ. ಇನ್ನು ತಳ್ಳಲು ಜಾಗವಿಲ್ಲ.

ಇಲ್ಲಿ ಸೈಜು ತಪ್ಪಿಲ್ಲ, ಫ್ರೇಮಿನ ಕೋನ ನಿಮಗೆ ಹೊಂದಿಲ್ಲ.

ಹೈಬ್ರಿಡ್ಡೋ ಗ್ರ್ಯಾವೆಲ್ಲೋ, ರೋಡ್ ಬೈಕೋ ಎಂಟಿಬಿಯೋ (ಮೌಂಟನ್ ಬೈಕು) ಅಂತ ಒದ್ದಾಡುವವರು ನಮ್ಮ ಕಡೆ ಈಗ ಜಾಸ್ತಿ. ಬ್ರೇಕು, ಗೇರು, ತೂಕ, ಬಣ್ಣ, ಡಿಸ್ಕೌಂಟು ಎಲ್ಲ ಹೋಲಿಸುತ್ತಾರೆ. ಆದರೆ ಗೇರು ಬದಲಿಸಬಹುದು, ಬ್ರೇಕು ಬದಲಿಸಬಹುದು. ಸೀಟನ್ನು ಹೊರುವ ಸೀಟ್ ಪೈಪಿನ ಕೋನ ಮಾತ್ರ ಬೆಸುಗೆ ಹಾಕಿದ ದಿನವೇ ಮುಗಿದ ಮಾತು. ಹಾಗಾಗಿ ನಾನು ಹೇಳುವುದು ಉಲ್ಟಾ ದಾರಿ. ನಿಮ್ಮ ಸೀಟು ಎಲ್ಲಿರಬೇಕು ಅಂತ ಮೊದಲು ಕಂಡುಕೊಳ್ಳಿ. ಆ ಜಾಗದಲ್ಲಿ ಸೀಟಿನ ಕಂಬಿ ಅದನ್ನು ಬಿಗಿ ಹಿಡಿಯುವ ಕ್ಲ್ಯಾಂಪಿನ ಮಧ್ಯಕ್ಕೆ ಕೂರುವಂಥ ಫ್ರೇಮ್ ಹುಡುಕಿ. ಉಳಿದದ್ದು ಆಮೇಲೆ.

ಎರಡು ಅಳತೆ ಸಾಕು

ಮೊದಲನೆಯದು ಸೀಟಿನ ಎತ್ತರ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಕಾಲುಗಳ ನಡುವೆ ಒಂದು ದಪ್ಪ ಪುಸ್ತಕ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಬಿಗಿಯಾಗಿ ಮೇಲಕ್ಕೆ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟಿದೆ ನೋಡಿ, ಅದನ್ನು 0.883ರಿಂದ ಗುಣಿಸಿ. ಎರಡೂ ಪೆಡಲಿನ ತೋಳು ಸೇರುವ, ಫ್ರೇಮಿನ ಬುಡದ ಅಚ್ಚಿನ ಮಧ್ಯದಿಂದ, ಅಂದರೆ ಬಿಬಿಯಿಂದ (ಬಾಟಮ್ ಬ್ರ್ಯಾಕೆಟ್), ಸೀಟಿನ ಮೇಲ್ಭಾಗಕ್ಕೆ ಸುಮಾರು ಇಷ್ಟು ದೂರ ಇರಬೇಕು. ಅಮೆರಿಕದ ರೇಸ್ ಸವಾರ ಗ್ರೆಗ್ ಲೆಮಾಂಡ್ ಹೆಸರಲ್ಲಿ ಚಾಲ್ತಿಗೆ ಬಂದ ಲೆಕ್ಕ ಇದು. ಒಳಗಾಲು 79 ಸೆಂ.ಮೀ. ಇದ್ದವರಿಗೆ ಸೀಟಿನ ಎತ್ತರ ಹೆಚ್ಚುಕಡಿಮೆ 70 ಸೆಂ.ಮೀ. ಬರುತ್ತದೆ. ಇದು ಶುರು ಮಾಡುವುದಕ್ಕೆ ಮಾತ್ರ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿದು ನೋಡಿ. ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ಆ ಕಡೆ ಈ ಕಡೆ ವಾಲಬಾರದು.

ಎರಡನೆಯದು ಸೀಟು ಬಿಬಿಗಿಂತ ಎಷ್ಟು ಹಿಂದಿದೆ ಅನ್ನುವುದು. ಇದಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆ. ಅಳೆಯುವುದು ಸುಲಭ. ಈಗಿರುವ ಸೈಕಲ್ಲನ್ನು ಸಮ ನೆಲದ ಮೇಲೆ ಹಿಂದಿನ ಚಕ್ರ ಗೋಡೆಗೆ ತಾಗುವ ಹಾಗೆ ನೆಟ್ಟಗೆ ನಿಲ್ಲಿಸಿ. ಯಾರಾದರೂ ಹಿಡಿದುಕೊಂಡರೆ ಒಳ್ಳೆಯದು. ಗೋಡೆಯಿಂದ ಬಿಬಿಯ ಮಧ್ಯಕ್ಕೆ ಟೇಪು ಹಿಡಿಯಿರಿ, 77 ಸೆಂ.ಮೀ. ಬಂತು ಅಂತಿಟ್ಟುಕೊಳ್ಳಿ. ಗೋಡೆಯಿಂದ ಸೀಟಿನ ಮೂತಿಗೆ 72 ಬಂತು. ನಿಮ್ಮ ಸೆಟ್‌ಬ್ಯಾಕ್ 5 ಸೆಂ.ಮೀ. ಎರಡು ಸಲವೂ ಟೇಪು ನೆಲಕ್ಕೆ ಸಮನಾಗಿರಲಿ, ಓರೆಯಾದರೆ ಲೆಕ್ಕ ಕೆಡುತ್ತದೆ.

ಒಂದು ಎಚ್ಚರಿಕೆ. ಸಾಮಾನ್ಯ ಸೀಟು 27-28 ಸೆಂ.ಮೀ. ಉದ್ದ ಇರುತ್ತದೆ. ಈಗ ಬರುತ್ತಿರುವ ಗಿಡ್ಡ ಮೂತಿಯ ಸೀಟುಗಳು 24-25 ಅಷ್ಟೇ. ಮೂತಿಯಿಂದ ಅಳೆದರೆ ಗಿಡ್ಡ ಸೀಟು ಸುಮ್ನೆ ಹಿಂದಿದ್ದ ಹಾಗೆ ಕಾಣುತ್ತದೆ, ಕೂರುವ ಜಾಗ ಅಲ್ಲೇ ಇರುತ್ತದೆ. ಎರಡು ಬಗೆಯ ಸೀಟು ಹೋಲಿಸುವುದಾದರೆ ಸೀಟಿನ ಅಗಲ 8 ಸೆಂ.ಮೀ. ಆಗುವ ಜಾಗದಲ್ಲಿ ಗುರುತು ಹಾಕಿ ಅಲ್ಲಿಂದ ಅಳೆಯಿರಿ.

ಈ 5 ಸೆಂ.ಮೀ. ನಿಮಗೆ ಸರಿಯೋ ಅಲ್ಲವೋ? ಪೆಡಲ್ ಮುಂದಕ್ಕೆ ಅಡ್ಡಡ್ಡ ಇರುವಾಗ ಮಂಡಿಚಿಪ್ಪಿನ ಕೆಳಗಿನಿಂದ ತೂಗುಗುಂಡು ಬಿಟ್ಟರೆ ಪೆಡಲಿನ ಅಚ್ಚಿನ ಮೇಲೆ ಬೀಳಬೇಕು ಅನ್ನುವುದು ಹಳೇ ನಿಯಮ. ಗಾರೆಯವರ ಹತ್ತಿರ ಗುಂಡು ಇಸಕೊಂಡು ಬಂದು ನೋಡಬಹುದು. ಆದರೆ ಇದು ಅಂದಾಜು, ಶಾಸನ ಅಲ್ಲ. ನಾನು ಜಾಸ್ತಿ ನಂಬುವುದು ದೇಹ ಹೇಳುವ ಮಾತನ್ನು. ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ಜೋರಾಗಿ ತುಳಿಯುತ್ತಾ, ಬೆನ್ನಿನ ಬಾಗು ಹಾಗೇ ಇಟ್ಟುಕೊಂಡು, ಅಂಗೈಯನ್ನು ಹ್ಯಾಂಡಲ್‌ನಿಂದ ಒಂದು ಬೆರಳಷ್ಟು ಮೇಲೆತ್ತಿ. ಖಾಲಿ ರಸ್ತೆಯಲ್ಲಿ ಮಾಡಿ, ಗೋಪಿ ಸರ್ಕಲ್‌ನಲ್ಲಿ ಬೇಡ. ಮುಂದಕ್ಕೆ ಮುಗ್ಗರಿಸಿದ ಹಾಗಾದರೆ ಸೀಟು ಮುಂದಾಗಿದೆ. ತುಂಬಾ ಜನ ಇಲ್ಲಿ ತಿರುವುಮುರುವು ಮಾಡುತ್ತಾರೆ. ಕೈ ನೋಯುತ್ತದೆ ಅಂತ ಸೀಟನ್ನು ಹ್ಯಾಂಡಲ್ ಹತ್ತಿರಕ್ಕೆ ತಳ್ಳುತ್ತಾರೆ. ಆಗ ಮೈಭಾರ ಇನ್ನಷ್ಟು ಕೈ ಮೇಲೆ ಬೀಳುತ್ತದೆ, ನೋವು ಜಾಸ್ತಿಯಾಗುತ್ತದೆ. ಹ್ಯಾಂಡಲ್ ದೂರ ಇದ್ದರೆ ಅದನ್ನು ಫ್ರೇಮಿಗೆ ಜೋಡಿಸುವ ತುಂಡು, ಅಂದರೆ ಸ್ಟೆಮ್, ಗಿಡ್ಡ ಹಾಕಿಸಬೇಕು. ಆ ಕೆಲಸಕ್ಕೆ ಸೀಟನ್ನು ಬಳಸಬಾರದು.

ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗು ಅಥವಾ ಮುಂದೆ ಇರುವ ಸಾಧ್ಯತೆ ಹೆಚ್ಚು. ಮಂಡಿಯ ಹಿಂದೆ ಎಳೆಯುತ್ತಿದ್ದರೆ ಎತ್ತರ ಅಥವಾ ತುಂಬಾ ಹಿಂದೆ. ತೊಡೆಮೂಳೆ ಉದ್ದ ಇರುವವರಿಗೆ ಸೀಟು ಹಿಂದಿದ್ದರೇ ಹಿತ. ಅಂದ ಹಾಗೆ, ಸೀಟನ್ನು ಒಂದು ಸೆಂ.ಮೀ. ಹಿಂದೆ ತಳ್ಳಿದಾಗ ಪೆಡಲೂ ಸ್ವಲ್ಪ ದೂರವಾಗುತ್ತದೆ. ಅದಕ್ಕೆ ಮೂರು ಮಿ.ಮೀ. ಇಳಿಸಿಕೊಳ್ಳಿ. ವಾರಗಟ್ಟಲೆ ನೋಯುತ್ತಿದ್ದರೆ ಸೀಟಿನ ಜೊತೆ ಒದ್ದಾಡಬೇಡಿ, ಡಾಕ್ಟರ ಹತ್ತಿರ ಹೋಗಿ.

ಕೋನ ಎಷ್ಟು ಕೊಡುತ್ತದೆ

ಸೀಟ್ ಪೈಪು ನೆಲಕ್ಕೆ ಎಷ್ಟು ಡಿಗ್ರಿಯಲ್ಲಿದೆ ಅನ್ನುವುದು ಕಂಪನಿಯ ಜಿಯಾಮೆಟ್ರಿ ಪಟ್ಟಿಯಲ್ಲಿ ಇರುತ್ತದೆ. ಡಿಗ್ರಿ ಜಾಸ್ತಿಯಾದಷ್ಟೂ ಪೈಪು ನೆಟ್ಟಗೆ, ಸೀಟು ಮುಂದೆ. ಕಡಿಮೆಯಾದಷ್ಟೂ ಪೈಪು ಓರೆ, ಸೀಟು ಹಿಂದೆ. 70 ಸೆಂ.ಮೀ. ಎತ್ತರದ ಸೀಟಿಗೆ ಒಂದು ಡಿಗ್ರಿ ಅಂದರೆ ಸುಮಾರು 1.2 ಸೆಂ.ಮೀ. ಒಂದು ಡಿಗ್ರಿಗೆ ಏನಾಗುತ್ತೆ ಬಿಡಿ ಅನ್ನಬೇಡಿ. ಸೀಟಿನ ಕಂಬಿ ಮಧ್ಯದಿಂದ ಆ ಕಡೆ ಈ ಕಡೆ ಸರಿಯುವುದೇ ಒಂದೂವರೆ ಸೆಂ.ಮೀ. ಆಸುಪಾಸು.

ಸಾಮಾನ್ಯ ಉದ್ದದ ಸೀಟು, ನೇರ ಸೀಟ್ ಪೋಸ್ಟು (ಸೀಟ್ ಪೈಪಿನೊಳಗೆ ಇಳಿಯುವ ಕೋಲು), ಕಂಬಿ ಮಧ್ಯಕ್ಕೆ ಹಿಡಿದಿದೆ, ಎತ್ತರ 70 ಸೆಂ.ಮೀ. ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಸೀಟಿನ ಮೂತಿ ಬಿಬಿಗಿಂತ ಇಷ್ಟು ಹಿಂದೆ ಬರುತ್ತದೆ:

68 ಡಿಗ್ರಿ – ಸುಮಾರು 10.2 ಸೆಂ.ಮೀ.
72 ಡಿಗ್ರಿ – 5.5 ಸೆಂ.ಮೀ.
73 ಡಿಗ್ರಿ – 4.5 ಸೆಂ.ಮೀ.
74.5 ಡಿಗ್ರಿ – 2.7 ಸೆಂ.ಮೀ.
76 ಡಿಗ್ರಿ – 1 ಸೆಂ.ಮೀ.

ತಲೆ ಹಿಂದಕ್ಕೆ ಬಾಗಿದ ಸೆಟ್‌ಬ್ಯಾಕ್ ಪೋಸ್ಟು ಹಾಕಿದರೆ ಇದಕ್ಕೆ ಇನ್ನೊಂದು 2 ಸೆಂ.ಮೀ. ಸೇರಿಸಿ. ಸೀಟಿನ ಎತ್ತರ ಇದಕ್ಕಿಂತ ಜಾಸ್ತಿ ಇದ್ದವರಿಗೆ ಅಂಕಿಗಳು ಸ್ವಲ್ಪ ಬೆಳೆಯುತ್ತವೆ, ಕಡಿಮೆ ಇದ್ದವರಿಗೆ ಕುಗ್ಗುತ್ತವೆ. ಈಗ ನಿಮ್ಮ ಅಳತೆ ಪಕ್ಕದಲ್ಲಿಟ್ಟು ನೋಡಿ. 5 ಸೆಂ.ಮೀ. ಬೇಕಾದವರಿಗೆ 73 ಡಿಗ್ರಿಯ ಫ್ರೇಮ್ ನೇರ ಪೋಸ್ಟಿನಲ್ಲೇ ಸರಿಹೋಗುತ್ತದೆ. 74.5 ಆದರೆ ಸೆಟ್‌ಬ್ಯಾಕ್ ಪೋಸ್ಟು ಬೇಕೇ ಬೇಕು. 7 ಸೆಂ.ಮೀ. ಬೇಕಾದವರು 74.5ರ ಫ್ರೇಮಿನಲ್ಲಿ ಸೆಟ್‌ಬ್ಯಾಕ್ ಪೋಸ್ಟು ಹಾಕಿಸಿದರೂ ಕಂಬಿಯ ತುದಿಗೇ ಬರುತ್ತಾರೆ, ಆಗಲೂ ಸಾಲುವುದಿಲ್ಲ. ತುದಿಯಲ್ಲಿ ಹಿಡಿಸಿದ ಕಂಬಿ ನಮ್ಮ ರಸ್ತೆಯ ಹೊಂಡಗಳಿಗೆ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಕಂಬಿಯ ಮೇಲೆ ಗೆರೆ ಹಾಕಿರುತ್ತಾರೆ, ಕ್ಲ್ಯಾಂಪು ಅದರೊಳಗೇ ಇರಬೇಕು.

ಪಟ್ಟಿ ಓದುವಾಗ ಇನ್ನೊಂದು ಕಡೆ ಎಡವುತ್ತಾರೆ. ಎರಡು ಫ್ರೇಮಿಗೂ ಟಾಪ್ ಟ್ಯೂಬ್ 54 ಸೆಂ.ಮೀ. ಅಂತ ಬರೆದಿದ್ದರೆ ಎರಡೂ ಒಂದೇ ಉದ್ದ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲ. ಸೀಟ್ ಪೈಪಿನಿಂದ ಹ್ಯಾಂಡಲ್ ಕಡೆಗೆ ಅಳೆದ ಉದ್ದ ಅದು. ಪೈಪು ನೆಟ್ಟಗಿದ್ದರೆ ಅಳತೆಯೇ ಮುಂದಿನಿಂದ ಶುರುವಾಗುತ್ತದೆ. ಸ್ಟ್ಯಾಕ್, ಅಂದರೆ ಬಿಬಿಯಿಂದ ಫ್ರೇಮಿನ ಮುಂಭಾಗದ ಮೇಲ್ತುದಿಗೆ ಇರುವ ಎತ್ತರ, 56 ಸೆಂ.ಮೀ. ಇರುವ ಎರಡು ಫ್ರೇಮ್ ತಗೊಳ್ಳಿ, ಒಂದು 73 ಡಿಗ್ರಿ, ಇನ್ನೊಂದು 74.5. ಬಿಬಿಯಿಂದ ಮುಂದಕ್ಕೆ ಅಳೆದರೆ, ಅಂದರೆ ರೀಚ್ ನೋಡಿದರೆ, ಎರಡನೆಯದು ಒಂದೂವರೆ ಸೆಂ.ಮೀ.ಗಿಂತ ಜಾಸ್ತಿ ಉದ್ದ. ಎರಡರಲ್ಲೂ ಸೀಟನ್ನು ನಿಮ್ಮ ಜಾಗಕ್ಕೇ ತಂದು ನಿಲ್ಲಿಸಿದರೆ ಎರಡನೆಯದರಲ್ಲಿ ಕೈ ಅಷ್ಟು ಚಾಚಬೇಕು. ಸೀಟಿನ ಜಾಗ ಬಿಬಿಯಿಂದ ಲೆಕ್ಕ ಹಾಕಿದ ಮೇಲೆ ಹ್ಯಾಂಡಲ್ಲನ್ನೂ ಅಲ್ಲಿಂದಲೇ ಲೆಕ್ಕ ಹಾಕಿ. ರೀಚ್ ಮತ್ತು ಸ್ಟ್ಯಾಕ್ ಹೋಲಿಸಿ, ಟಾಪ್ ಟ್ಯೂಬ್ ಬಿಟ್ಟುಬಿಡಿ.

ಘಾಟಿ ಹತ್ತುವಾಗ

ಹೊನ್ನಾಳಿ ಕಡೆಯ ಬಯಲಿನಲ್ಲಿ ತುಳಿಯುವವರಿಗೂ ಆಗುಂಬೆ ಹತ್ತುವವರಿಗೂ ಒಂದೇ ಸಲಹೆ ಆಗುವುದಿಲ್ಲ. ಶೇ. 10ರ ಏರಿನಲ್ಲಿ ಸೈಕಲ್ಲು ಸುಮಾರು 5.7 ಡಿಗ್ರಿ ಹಿಂದಕ್ಕೆ ವಾಲುತ್ತದೆ. 73 ಡಿಗ್ರಿಯ ಪೈಪು ಅಲ್ಲಿ 67ರ ಪೈಪಾಗುತ್ತದೆ. ಮೈಭಾರ ಹಿಂದಿನ ಚಕ್ರದ ಮೇಲೆ ಹೋಗುತ್ತದೆ, ಮುಂದಿನ ಚಕ್ರ ಹಗುರಾಗಿ ಅಲ್ಲಾಡುತ್ತದೆ, ಸೊಂಟ ಜಾರುತ್ತದೆ. ಆಗ ನಮಗೆ ಗೊತ್ತಿಲ್ಲದ ಹಾಗೇ ಸೀಟಿನ ಮೂತಿಗೆ ಬಂದು ಕೂತಿರುತ್ತೇವೆ. ಎಂಟಿಬಿಗಳ ಸೀಟ್ ಪೈಪು ಈಚೆಗೆ 75-77 ಡಿಗ್ರಿಗೆ ನೆಟ್ಟಗಾಗಿರುವುದು ಇದಕ್ಕೇ, ಕಡಿದಾದ ಏರಿನಲ್ಲಿ ಕೂತೇ ಹತ್ತಲಿ ಅಂತ.

ಹಾಗಾದರೆ ಮಲೆನಾಡಿನವರೆಲ್ಲ ನೆಟ್ಟಗಿನ ಫ್ರೇಮೇ ತಗೊಳ್ಳಬೇಕಾ? ನನ್ನ ಪ್ರಕಾರ ಬೇಡ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು ಇರಬಹುದು, ಆದರೆ ಶಿವಮೊಗ್ಗದಿಂದ ಹೊರಟವರು ಅಲ್ಲಿಗೆ ಮುಟ್ಟುವ ಮೊದಲು ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ಅಂತ ಅಲೆಯಲೆ ರಸ್ತೆಯಲ್ಲಿ ಗಂಟೆಗಟ್ಟಲೆ ತುಳಿದಿರುತ್ತಾರೆ. ದಿನದ ಹೆಚ್ಚು ಹೊತ್ತು ಕೂರುವುದು ಆ ರಸ್ತೆಗೆ ಹೊಂದುವ ಜಾಗದಲ್ಲಿ. ಘಾಟಿಯಲ್ಲಿ ಸೀಟಿನ ಮೇಲೆ ಎರಡು ಸೆಂ.ಮೀ. ಮುಂದೆ ಸರಿದರೆ ಮುಗಿಯಿತು. ಫ್ರೇಮು ಅಲೆಯಲೆ ರಸ್ತೆಗೆ, ಗೇರು ಘಾಟಿಗೆ. ದುಡ್ಡಿದ್ದರೆ ಹಿಂದೆ 34 ಅಥವಾ 36 ಹಲ್ಲಿನ ದೊಡ್ಡ ಗೇರು ಇರುವುದನ್ನು ನೋಡಿ. ಹುಲಿಕಲ್ ಘಾಟಿಯಲ್ಲಿ ಒಂದು ಡಿಗ್ರಿ ಕೋನಕ್ಕಿಂತ ನಾಲ್ಕು ಹಲ್ಲು ಹೆಚ್ಚು ಉಪಕಾರ ಮಾಡುತ್ತದೆ.

ಹೊರೆ ಹಾಕಿಕೊಂಡು ಹೋಗುವವರ ಲೆಕ್ಕ ಬೇರೆ. ಸೀಟು ಹಿಂದೆ, ಹಿಂದಿನ ಪೈಪು ಗಿಡ್ಡ, ಕ್ಯಾರಿಯರ್ ಮೇಲೆ ಹತ್ತು ಕೆ.ಜಿ. – ಮೂರೂ ಸೇರಿದರೆ ಏರಿನಲ್ಲಿ ಮುಂದಿನ ಚಕ್ರ ಹೇಳಿದ ಮಾತು ಕೇಳುವುದಿಲ್ಲ. ಹಿಮ್ಮಡಿ ಬೇರೆ ಚೀಲಕ್ಕೆ ಬಡಿಯುತ್ತದೆ. ಬಿಬಿಯಿಂದ ಹಿಂದಿನ ಅಚ್ಚಿಗೆ ಇರುವ ಪೈಪು, ಅಂದರೆ ಚೈನ್‌ಸ್ಟೇ, ರೇಸ್ ಫ್ರೇಮಿನಲ್ಲಿ 41 ಸೆಂ.ಮೀ. ಆಸುಪಾಸು ಇರುತ್ತದೆ, ಟೂರಿಂಗ್ ಫ್ರೇಮಿನಲ್ಲಿ 44-46. ಸೀಟು ಹಿಂದೆ ಬೇಕು ಅನ್ನುವವರು, ಅದರಲ್ಲೂ ಚೀಲ ಕಟ್ಟುವವರು, ಉದ್ದ ಚೈನ್‌ಸ್ಟೇ ಇರುವುದನ್ನೇ ಆರಿಸಿಕೊಳ್ಳಿ.

ಈಗ ಒಂದೊಂದಾಗಿ

ಕಪ್ಪು ಸೈಕಲ್ಲಿನಿಂದಲೇ ಶುರು ಮಾಡೋಣ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಒಬ್ಬರು ಕೂತು ಹೋಗುವ 28 ಇಂಚು ಚಕ್ರದ ಅದೇ ಸೈಕಲ್ಲು. ಸೀಟ್ ಪೈಪು 68 ಡಿಗ್ರಿ ಆಸುಪಾಸು ಓರೆ. ಸೀಟು ತುಂಬಾ ಹಿಂದೆ, ಹ್ಯಾಂಡಲ್ ಎತ್ತರ, ಬೆನ್ನು ನೆಟ್ಟಗೆ. ಭಾರವೆಲ್ಲ ಸ್ಪ್ರಿಂಗ್ ಸೀಟಿನ ಮೇಲೆ, ಕೈ ಮೇಲೆ ಏನೂ ಇಲ್ಲ. ಊರೊಳಗೆ ಮೂರು ನಾಲ್ಕು ಕಿ.ಮೀ. ಹೋಗಿಬರುವವರಿಗೆ ಈ ಕೋನದಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಬೆನ್ನು ಬಾಗಿಸಲು ಆಗದ ಹಿರಿಯರಿಗೂ ಇದೇ ಸರಿ. ಏರು ಬಂದರೆ ಮಾತ್ರ ಇಳಿದು ತಳ್ಳಬೇಕು. ಕೂತು ಹತ್ತಲು ಹೋದರೆ ಮಂಡಿ ಹಿಂದಿನಿಂದ ಪೆಡಲ್ಲನ್ನು ಮುಂದಕ್ಕೆ ನೂಕಿದ ಹಾಗಾಗುತ್ತದೆ, ಒತ್ತು ಬೀಳುವುದಿಲ್ಲ. ಇದಕ್ಕೆ ಹ್ಯಾಂಡಲ್ ತಗ್ಗಿಸಿ ರೋಡ್ ಬೈಕ್ ಮಾಡಲು ಹೊರಡುವ ಹುಡುಗರಿದ್ದಾರೆ. ಬೆನ್ನು ಬಗ್ಗುತ್ತದೆ, ಸೀಟು ಹಿಂದೆಯೇ ಉಳಿಯುತ್ತದೆ, ಹೊಟ್ಟೆಗೆ ತೊಡೆ ತಾಗುತ್ತದೆ. ಬೇಡ.

ಹೈಬ್ರಿಡ್ ಈಗ ಶಿವಮೊಗ್ಗದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು. ಗೇರಿನದು 20 ಸಾವಿರದ ಆಸುಪಾಸಿನಿಂದ ಸಿಗುತ್ತದೆ. ಕೋನ ಸಾಮಾನ್ಯವಾಗಿ 72-73. ನೇರ ಹ್ಯಾಂಡಲ್, ಉದ್ದ ಟಾಪ್ ಟ್ಯೂಬ್, ಎತ್ತರದ ಮುಂಭಾಗ. ಸೀಟು 4ರಿಂದ 6 ಸೆಂ.ಮೀ. ಹಿಂದೆ ಬೇಕಾದವರಿಗೆ ಪೋಸ್ಟು ಬದಲಿಸದೆ ಕೂತುಬಿಡುತ್ತದೆ. ಅದೂ ಅಲ್ಲದೆ ಬಹಳ ಹೈಬ್ರಿಡ್‌ಗಳಲ್ಲಿ 27.2 ಮಿ.ಮೀ. ಗುಂಡು ಪೋಸ್ಟು ಇರುತ್ತದೆ, ಬೇಕಾದ್ದು ಒಂದೆರಡು ಸಾವಿರದೊಳಗೆ ಸಿಗುತ್ತದೆ. ಕಾಲೇಜು, ಆಫೀಸು, ಭಾನುವಾರ ಸಕ್ರೆಬೈಲು – ಇಷ್ಟಕ್ಕೆ ಹೈಬ್ರಿಡ್ ಬಿಟ್ಟು ಬೇರೆ ನೋಡುವುದೇ ಬೇಡ ಅನ್ನುತ್ತೇನೆ. ಸಾಗರಕ್ಕೋ ತೀರ್ಥಹಳ್ಳಿಗೋ ದಿನವಿಡೀ ಹೋಗಿಬರಲು ಶುರು ಮಾಡಿದರೆ ಅದರ ಮಿತಿ ಗೊತ್ತಾಗುತ್ತದೆ. ಕೈ ಇಡಲು ಒಂದೇ ಜಾಗ, ಹಾಗಾಗಿ ಸೀಟು ಸರಿಯಿದ್ದರೂ ಮಣಿಕಟ್ಟು ಸೋಲುತ್ತದೆ.

ರೋಡ್ ಬೈಕಿನಲ್ಲಿ ಎರಡು ಜಾತಿ. ರೇಸ್ ಫ್ರೇಮು ತಗ್ಗು, ಉದ್ದ. ಎಂಡ್ಯೂರೆನ್ಸ್ ಫ್ರೇಮು ಎತ್ತರ, ಗಿಡ್ಡ. ಮಧ್ಯಮ ಸೈಜಿನಲ್ಲಿ ಎರಡರ ಸೀಟ್ ಕೋನವೂ 73-74ರೊಳಗೇ ಇರುತ್ತದೆ, ಅಂತಹ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಮುಂಭಾಗದಲ್ಲಿ. ಸೀಟು ಹಿಂದೆ ಬೇಕಾದವರು ರೇಸ್ ಫ್ರೇಮ್ ತಗೊಂಡರೆ ಹ್ಯಾಂಡಲ್ ಇನ್ನೂ ದೂರವಾಗುತ್ತದೆ, ತಗ್ಗೂ ಇರುತ್ತದೆ. ಅವರಿಗೆ ಎಂಡ್ಯೂರೆನ್ಸ್ ಫ್ರೇಮೇ ಸರಿ. 200 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಹದಿಮೂರೂವರೆ ಗಂಟೆ ಕೊಡುತ್ತಾರೆ. ಅಷ್ಟು ಹೊತ್ತು ಕೂರುವವರಿಗೆ ವೇಗಕ್ಕಿಂತ ಕೂರುವ ಜಾಗ ದೊಡ್ಡದು. ಇಲ್ಲಿ ಒಂದು ಬಲೆ ಇದೆ. ದುಬಾರಿ ಕಾರ್ಬನ್ ಫ್ರೇಮುಗಳ ಸೀಟ್ ಪೋಸ್ಟು ಗುಂಡಾಗಿರುವುದಿಲ್ಲ, ಆ ಫ್ರೇಮಿಗೆ ಮಾತ್ರ ಹೊಂದುವ ಆಕಾರ. ಸೆಟ್‌ಬ್ಯಾಕ್ ಬೇಕು ಅಂದರೆ ಆ ಕಂಪನಿಯವರೇ ಮಾಡಿಕೊಡಬೇಕು, ಕೆಲವರು ಮಾಡುವುದೇ ಇಲ್ಲ. ಲಕ್ಷ ಲಕ್ಷ ಕೊಟ್ಟು ಸೀಟು ಒಂದು ಸೆಂ.ಮೀ. ಹಿಂದೆ ಹೋಗಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ ಮಾರಾಯ್ರೇ. ಅದಕ್ಕಿಂತ ಗುಂಡು ಪೋಸ್ಟಿನ ಅಲ್ಯೂಮಿನಿಯಂ ಫ್ರೇಮು ವಾಸಿ.

ಗ್ರ್ಯಾವೆಲ್ ಬೈಕು ನಮ್ಮ ರಸ್ತೆಗಳನ್ನು ನೋಡಿಯೇ ಮಾಡಿದ್ದಾರೇನೋ ಅನ್ನಿಸುತ್ತದೆ. ಕೋನ 72ರಿಂದ 74, ಚೈನ್‌ಸ್ಟೇ 42-44 ಸೆಂ.ಮೀ., ಮುಂಭಾಗ ಎತ್ತರ, ಟೈರು 40 ಮಿ.ಮೀ., ಕೆಲವದರಲ್ಲಿ ಅದಕ್ಕಿಂತ ಅಗಲದ್ದೂ ಹಿಡಿಸುತ್ತದೆ. ಮಡ್‌ಗಾರ್ಡ್ ಹಾಕಲು ತೂತುಗಳಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಹೊಡೆಯುವ ಕಡೆ ಅದು ಶೋಕಿ ಅಲ್ಲ. ಒಂದು ವಿಷಯ ಗಮನಿಸಿ. ಹೊಸ ಗ್ರ್ಯಾವೆಲ್ ಫ್ರೇಮುಗಳಲ್ಲಿ ಎಂಟಿಬಿಯ ಹಾಗೆ ರೀಚ್ ಉದ್ದ ಮಾಡಿ ಸ್ಟೆಮ್ ಗಿಡ್ಡ ಮಾಡುತ್ತಿದ್ದಾರೆ. ಅಂಥದರಲ್ಲಿ ಸ್ಟೆಮ್ ಇನ್ನೂ ಗಿಡ್ಡ ಮಾಡಲು ಜಾಗ ಉಳಿದಿರುವುದಿಲ್ಲ. ಸೀಟು ಹಿಂದೆ ಬೇಕು, ಕೈಯೂ ಗಿಡ್ಡ ಅನ್ನುವವರು ರೀಚ್ ಪಟ್ಟಿ ನೋಡದೆ ಇದನ್ನು ತಗೊಳ್ಳಬಾರದು. ಬೆಲೆ ಹೈಬ್ರಿಡ್‌ನ ಎರಡು ಮೂರು ಪಟ್ಟು.

ಟೂರಿಂಗ್ ಸ್ಟೀಲ್ ಫ್ರೇಮು ನನಗೆ ಮೆಚ್ಚು, ಪಕ್ಷಪಾತ ಅಂದರೂ ಸರಿ. 72-73 ಡಿಗ್ರಿ, ಉದ್ದ ಚೈನ್‌ಸ್ಟೇ, ಗುಂಡು ಪೋಸ್ಟು. ಬ್ರೂಕ್ಸ್ ತರಹದ ಚರ್ಮದ ಸೀಟು ಇಷ್ಟಪಡುವವರಿಗೆ ಓರೆ ಕೋನ ಬೇಕೇ ಬೇಕು. ಆ ಸೀಟುಗಳ ಕಂಬಿ ಗಿಡ್ಡ, ಹಿಂದಕ್ಕೆ ಸರಿಯುವುದು ಕಡಿಮೆ. 74ರ ಫ್ರೇಮಿಗೆ ಅದನ್ನು ಹಾಕಿ ಒದ್ದಾಡಬೇಡಿ. ಆದರೆ ಸ್ಟೀಲ್ ಫ್ರೇಮಿಗೆ ನಮ್ಮ ಮಳೆ ಶತ್ರು, ಚರ್ಮದ ಸೀಟಿಗೂ ಅಷ್ಟೇ. ಆಷಾಢದಲ್ಲಿ ಜಗಲಿಯಲ್ಲಿ ಎರಡು ವಾರ ಸುಮ್ನೆ ನಿಲ್ಲಿಸಿದರೆ ಸೀಟಿನ ಮೇಲೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಒರೆಸುತ್ತಾ ಎಣ್ಣೆ ಹಚ್ಚುತ್ತಾ ನೋಡಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ.

ಎಂಟಿಬಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೊಡಚಾದ್ರಿಯ ಜೀಪು ದಾರಿಯಂಥ ಕಲ್ಲು ಏರು, ತೋಟದ ಕೆಸರು ದಾರಿ ಇದ್ದವರಿಗೆ ಇದೇ ಸರಿ. ಅಗ್ಗದ ಹಳೇ ಮಾದರಿಗಳಲ್ಲಿ ಕೋನ 73ರ ಹತ್ತಿರ, ಹೊಸವುಗಳಲ್ಲಿ 75ಕ್ಕಿಂತ ಜಾಸ್ತಿ. ಡಾಂಬರು ರಸ್ತೆಯಲ್ಲಿ ದೂರ ಹೋಗುವವರು ಹೊಸ ಮಾದರಿ ತಗೊಂಡರೆ ಮೈಯೆಲ್ಲ ಕೈ ಮೇಲೆ ಬಿದ್ದ ಹಾಗಾಗುತ್ತದೆ. ಅಷ್ಟೇ ಅಲ್ಲ, ಎಂಟಿಬಿ ಪಟ್ಟಿಯಲ್ಲಿ ಎರಡು ಕೋನ ಇರುತ್ತದೆ. ಪೈಪು ಬಾಗಿರುವುದರಿಂದ ಅದರ ನಿಜವಾದ ಓರೆ ಒಂದು, ಸೀಟಿನ ಜಾಗಕ್ಕೆ ಲೆಕ್ಕ ಹಾಕಿ ಬರೆಯುವ 'ಎಫೆಕ್ಟಿವ್' ಕೋನ ಇನ್ನೊಂದು. ಎಫೆಕ್ಟಿವ್ ಕೋನವನ್ನು ಒಂದು ನಿರ್ದಿಷ್ಟ ಎತ್ತರಕ್ಕೆ ಹೇಳಿರುತ್ತಾರೆ. ನಿಮ್ಮ ಕಾಲು ಉದ್ದ ಇದ್ದು ಸೀಟನ್ನು ಅದಕ್ಕಿಂತ ಮೇಲೆತ್ತಿದರೆ, ಪೋಸ್ಟು ಹೆಚ್ಚು ಓರೆಯಾಗಿ ಹೋಗುವುದರಿಂದ ಸೀಟು ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಹಿಂದೆ ನಿಲ್ಲುತ್ತದೆ. ಗಿಡ್ಡ ಕಾಲಿನವರಿಗೆ ಮುಂದೆ. ಅಂಗಡಿಯಲ್ಲಿ ಸೀಟನ್ನು ನಿಮ್ಮ ಎತ್ತರಕ್ಕೆ ಏರಿಸಿಯೇ ಗೋಡೆಯ ಲೆಕ್ಕ ಮಾಡಿ.

ಎತ್ತರ ಕಡಿಮೆ ಇರುವವರಿಗೆ

ಐದು ಅಡಿ ಮೂರು ಇಂಚಿಗಿಂತ ಕಡಿಮೆ ಇರುವವರಿಗೆ, ಅಂದರೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ, ಇದು ನಿಜವಾದ ತಲೆನೋವು. ಸಣ್ಣ ಫ್ರೇಮುಗಳ ಸೀಟ್ ಕೋನ ದೊಡ್ಡವಕ್ಕಿಂತ ನೆಟ್ಟಗೆ, 74.5ರಿಂದ 75 ತನಕ. ಚಕ್ರ ಮಾತ್ರ ದೊಡ್ಡವಕ್ಕೆ ಹಾಕುವ ಅದೇ 700ಸಿ ಸೈಜಿನದು. ಫ್ರೇಮು ಗಿಡ್ಡ ಮಾಡಿದರೆ ಪಾದದ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆ, ಅದಕ್ಕೇ ಮುಂಭಾಗ ಒಂದು ಮಿತಿಗಿಂತ ಗಿಡ್ಡ ಮಾಡಲು ಆಗುವುದಿಲ್ಲ. ಹಾಗಂತ ಟಾಪ್ ಟ್ಯೂಬ್ ಅಂಕಿ ಸಣ್ಣದಾಗಿ ಕಾಣಬೇಕಲ್ಲ, ಸೀಟ್ ಪೈಪನ್ನು ನೆಟ್ಟಗೆ ಮಾಡಿಬಿಡುತ್ತಾರೆ. ಪಟ್ಟಿಯಲ್ಲಿ ಫ್ರೇಮು ಗಿಡ್ಡವಾಯಿತು, ಸವಾರಿಯಲ್ಲಿ ಆಗಲಿಲ್ಲ. ಸೀಟನ್ನು ಬೇಕಾದ ಜಾಗಕ್ಕೆ ಹಿಂದೆ ತಳ್ಳಿದ ಕೂಡಲೇ ಹ್ಯಾಂಡಲ್ ಮತ್ತೆ ದೂರ.

ದಾರಿ ಇದೆ. 650ಬಿ ಅಥವಾ 27.5 ಇಂಚು ಚಕ್ರದ ಸಣ್ಣ ಫ್ರೇಮುಗಳನ್ನು ಕೆಲವು ಕಂಪನಿಗಳು ಮಾಡುತ್ತವೆ. ಚಕ್ರ ಚಿಕ್ಕದಾದ್ದರಿಂದ ಕೋನ 73-74ಕ್ಕೆ ಇಡಲು ಜಾಗ ಸಿಗುತ್ತದೆ. ಮಡ್‌ಗಾರ್ಡ್ ಹಾಕಿದ ಮೇಲೂ ಪಾದ ತಾಗುವುದಿಲ್ಲ. ಇಂಥದ್ದು ಸಿಕ್ಕಿದರೆ ಬಿಡಬೇಡಿ. ಸಿಗದಿದ್ದರೆ ಗುಂಡು ಪೋಸ್ಟಿನ ಫ್ರೇಮು, ಸೆಟ್‌ಬ್ಯಾಕ್ ಪೋಸ್ಟು, 165 ಮಿ.ಮೀ. ಅಥವಾ ಅದಕ್ಕಿಂತ ಗಿಡ್ಡ ಕ್ರ್ಯಾಂಕು (ಪೆಡಲಿನ ತೋಳು), 6-7 ಸೆಂ.ಮೀ. ಸ್ಟೆಮ್ ಕೇಳಿ. ಸಣ್ಣ ಸೈಕಲ್ಲುಗಳಿಗೂ 170ರ ಕ್ರ್ಯಾಂಕು ಹಾಕಿ ಕಳಿಸುವುದು ಈಗಲೂ ಇದೆ. 'ಲೇಡೀಸ್ ಮಾಡೆಲ್' ಅನ್ನುವ ಹೆಸರು ನೋಡಿ ತಗೊಳ್ಳಬೇಡಿ. ಎಷ್ಟೋ ಸಲ ಫ್ರೇಮು ಅದೇ ಇರುತ್ತದೆ, ಸೀಟು ಮತ್ತು ಬಣ್ಣ ಬೇರೆ.

ದುಡ್ಡಿನ ಮಾತು

ಹತ್ತು ಸಾವಿರದೊಳಗೆ ಅಂದರೆ ಕಪ್ಪು ಸೈಕಲ್ಲು, ಇಲ್ಲವೇ ಒಳ್ಳೇ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಹೈಬ್ರಿಡ್. ಅದೇ ಬೆಲೆಯ ಡಬಲ್ ಸಸ್ಪೆನ್ಷನ್ ಎಂಟಿಬಿ ಕಡೆ ತಿರುಗಿಯೂ ನೋಡಬೇಡಿ. ಸೀಟು ಏರಿಸಲು ಪೋಸ್ಟೇ ಗಿಡ್ಡ ಇರುತ್ತದೆ, ಕೋನದ ಮಾತು ದೂರವೇ ಉಳಿಯಿತು. 20ರಿಂದ 35 ಸಾವಿರಕ್ಕೆ ಹೈಬ್ರಿಡ್, ಮೇಲೆ ಒಂದೆರಡು ಸಾವಿರ ಪೋಸ್ಟಿಗೂ ಸ್ಟೆಮ್ಮಿಗೂ ಎತ್ತಿಡಿ. ಅದಕ್ಕಿಂತ ಮೇಲೆ ಹೋಗುವವರು, ಏರು ರಸ್ತೆಯಲ್ಲಿ ದಿನವಿಡೀ ತುಳಿಯುವುದಾದರೆ, ಅಲ್ಯೂಮಿನಿಯಂ ಎಂಡ್ಯೂರೆನ್ಸ್ ಅಥವಾ ಗ್ರ್ಯಾವೆಲ್ ನೋಡಲಿ. ಎರಡರ ನಡುವೆ ನಿಂತರೆ ಮಲೆನಾಡಿನವರಿಗೆ ನನ್ನ ಓಟು ಗ್ರ್ಯಾವೆಲ್‌ಗೆ. ಸವಳಂಗ, ಹೊನ್ನಾಳಿ ಕಡೆ ಬಯಲಲ್ಲೇ ಓಡಿಸುವವರಿಗೆ ಎಂಡ್ಯೂರೆನ್ಸ್‌ಗೆ. ಸೀಟು 7 ಸೆಂ.ಮೀ.ಗಿಂತ ಹಿಂದೆ ಬೇಕಾದ ಉದ್ದ ತೊಡೆಯವರು ಎಷ್ಟೇ ದುಡ್ಡಿದ್ದರೂ 73.5ಕ್ಕಿಂತ ನೆಟ್ಟಗಿನ ಫ್ರೇಮಿಗೆ ಕೈ ಹಾಕಬೇಡಿ. ಸೀಟು 2-3 ಸೆಂ.ಮೀ. ಸಾಕು ಅನ್ನುವವರಿಗೆ 74-75ರ ಫ್ರೇಮೇ ಹಿತ. ಅವರು 72ರ ಟೂರಿಂಗ್ ಫ್ರೇಮು ತಗೊಂಡರೆ ಸೀಟನ್ನು ಮುಂದಕ್ಕೆ ಎಳೆಯಲು ಒದ್ದಾಡುತ್ತಾರೆ.

ಆನ್‌ಲೈನ್ ತರಿಸುವವರು ಜಿಯಾಮೆಟ್ರಿ ಪಟ್ಟಿ ಇಲ್ಲದ ಸೈಕಲ್ಲಿಗೆ ದುಡ್ಡು ಕಟ್ಟಬೇಡಿ. ಅಂಗಡಿಗೆ ಹೋಗುವವರು ಜೇಬಲ್ಲಿ ಟೇಪು ಇಟ್ಟುಕೊಂಡು ಹೋಗಿ. ಸೀಟನ್ನು ನಿಮ್ಮ ಎತ್ತರಕ್ಕೆ ಏರಿಸಿ, ಹಿಂದಿನ ಚಕ್ರ ಗೋಡೆಗೆ ತಾಗಿಸಿ, ಎರಡು ಅಳತೆ ತೆಗೆಯಲು ಎರಡು ನಿಮಿಷ ಸಾಕು. ಕಂಬಿ ಕ್ಲ್ಯಾಂಪಿನಲ್ಲಿ ಎಲ್ಲಿ ಕೂತಿದೆ ಬಗ್ಗಿ ನೋಡಿ. ಪೋಸ್ಟೋ ಸ್ಟೆಮ್ಮೋ ಬದಲಿಸಬೇಕಿದ್ದರೆ ಬಿಲ್ ಮಾಡಿಸುವ ಮೊದಲೇ ಕೇಳಿ. ಆಗ ಹಳೆಯದನ್ನು ವಾಪಸ್ ಇಟ್ಟುಕೊಂಡು ವ್ಯತ್ಯಾಸದ ದುಡ್ಡಿಗೆ ಹಾಕಿಕೊಡುವ ಅಂಗಡಿಯವರಿದ್ದಾರೆ, ಆಮೇಲೆ ಕೇಳಿದರೆ ಪೂರ್ತಿ ಬೆಲೆ. ಪೋಸ್ಟನ್ನು ಪೈಪಿಗೆ ಇಳಿಸುವಾಗ ಗ್ರೀಸ್ ಹಚ್ಚಿಸಿ, ಕಾರ್ಬನ್ ಆದರೆ ಅದರದೇ ಪೇಸ್ಟು. ಹಚ್ಚದೆ ಒಂದು ಮಳೆಗಾಲ ಕಳೆದರೆ ಅಲ್ಯೂಮಿನಿಯಂ ಪೋಸ್ಟು ಪೈಪಿನೊಳಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸೀಟನ್ನು ಏರಿಸಲೂ ಆಗುವುದಿಲ್ಲ, ಇಳಿಸಲೂ ಆಗುವುದಿಲ್ಲ.